ಮೈಕ್ ಬೇಡ, ಮೂವತ್ತು ಜನ ಸಾಕು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ವೀಣೆಯನ್ನು ಮೈಕ್ ಇಲ್ಲದೆ, ಎದುರಿಗೇ ಕೂತು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ.

ಮೂರು ಕೈ. ಅದರಲ್ಲಿ ಇಬ್ಬರು ವೀಣೆ ಕಲಿತವರೇ. ಹಾಗಂತ ಉಳಿದವರಿಗೆ ಸಂಗೀತ ಬೇಡ ಅಂತಲ್ಲ. ನವರಾತ್ರಿಗೆ ದೇವಸ್ಥಾನದಲ್ಲಿ ಕೇಳಿದ್ದೀರಿ. ಮದುವೆ ಹಾಲ್‌ನಲ್ಲಿ ಕೇಳಿದ್ದೀರಿ. ಮೊಬೈಲಿನಲ್ಲಂತೂ ದಿನಾ ಕೇಳುತ್ತೀರಿ. ಆದರೆ ಅಲ್ಲೆಲ್ಲ ಕಿವಿಗೆ ಬಿದ್ದದ್ದು ಸ್ಪೀಕರಿನ ಸದ್ದು. ವೀಣೆಯ ಸದ್ದೇ ಬೇರೆ.

ವೀಣೆಯಲ್ಲಿ ನುಡಿಸುವ ತಂತಿ 4, ತಾಳದ ತಂತಿ 3. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಅಂದರೆ ತಂತಿ ಒತ್ತಿ ಹಿಡಿಯುವ ಲೋಹದ ಪಟ್ಟಿ. ಬಲಗೈ ಒಮ್ಮೆ ಮೀಟಿದ ಮೇಲೆ ಎಡಗೈ ಬೆರಳು ಆ ತಂತಿಯನ್ನು ಮೆಟ್ಟಿಲಿನ ಮೇಲೇ ಪಕ್ಕಕ್ಕೆ ಎಳೆಯುತ್ತದೆ. ಒಂದೇ ಮೀಟಿನಲ್ಲಿ ಎರಡು ಮೂರು ಸ್ವರ ಬರುತ್ತವೆ. ಕೊನೆಯ ಸ್ವರಕ್ಕೆ ಬರುವಾಗ ಸದ್ದು ಮುಕ್ಕಾಲು ಆರಿಹೋಗಿರುತ್ತದೆ. ಸ್ವರವನ್ನು ಹೀಗೆ ಎಳೆದು ಅಲುಗಿಸುವುದೇ ಗಮಕ. ಅದರ ಜೀವ ಇರುವುದು ಆ ಆರುತ್ತಿರುವ ಸದ್ದಿನಲ್ಲೇ. ದೊಡ್ಡ ಸಭಾಂಗಣದಲ್ಲಿ ಫ್ಯಾನಿನ ಗಾಳಿಗೆ ಅದು ಕೇಳಿಸುವುದಿಲ್ಲ. ಕೇಳಿಸಲಿ ಅಂತ ಮೈಕ್ ಏರಿಸಿದರೆ ಬೆರಳು ತಂತಿಗೆ ತಾಗುವ ಟಕ್ ಟಕ್ ಕೂಡ ಏರುತ್ತದೆ. ಆರು ಅಡಿ ದೂರದಲ್ಲಿ ಚಾಪೆ ಹಾಕಿ ಕೂತರೆ ಯಾವ ಯಂತ್ರವೂ ಬೇಡ. ಆ ಕೊನೆಯ ಎಳೆ ತಾನಾಗಿ ನಿಮ್ಮ ಕಿವಿಗೆ ಬರುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಚಾವಡಿಯಲ್ಲಿ, ವಾಚನಾಲಯದಲ್ಲಿ, ಅಂಗನವಾಡಿಯಲ್ಲಿ ಮೂವತ್ತು ಜನರ ಎದುರು ಮಾಡುವ ಸಂಗೀತ ಕಚೇರಿ ದೊಡ್ಡ ವೇದಿಕೆ ಸಿಗದವರ ಸಮಾಧಾನಕ್ಕೆ ಮಾಡುವ ಕಾರ್ಯಕ್ರಮ ಅಲ್ಲ. ನಮ್ಮ ಸಂಗೀತಕ್ಕೆ ಸರಿಯಾದ ಅಳತೆಯ ಜಾಗವೇ ಅದು. ನಮ್ಮ ಕಾಸರಗೋಡಿನಲ್ಲಿ ಅಂಥ ಜಾಗಕ್ಕೆ ಬರ ಇಲ್ಲ. ಆದರೆ ಬಾಗಿಲು ತೆರೆಯುವ ಕೆಲಸ ಬಾಕಿ ಇದೆ.

ಟಿಕೆಟ್ ತೆಗೆದು, ಸಾಲು ಕುರ್ಚಿಯಲ್ಲಿ ಕೂತು ಕೇಳುವ ಪದ್ಧತಿ ತುಂಬಾ ಹಳೆಯದೇನಲ್ಲ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಶುರುವಾದದ್ದು 1928ರಲ್ಲಿ. ಮೈಕ್ ಬಂದದ್ದು ಆ ಆಸುಪಾಸಿನಲ್ಲೇ. ಅದಕ್ಕೆ ಮೊದಲು ಕರ್ನಾಟಕ ಸಂಗೀತ ಬೆಳೆದದ್ದು ಅರಮನೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಉಳ್ಳವರ ಮನೆಯ ಹಜಾರದಲ್ಲಿ. ಬಾಲುಸ್ವಾಮಿ ದೀಕ್ಷಿತರು (1786–1858) ಪಶ್ಚಿಮದ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಾಲದಲ್ಲಿ ಅದು ಹತ್ತಾರು ಜನರಿಗೆ ಕೇಳಿದರೆ ಸಾಕಿತ್ತು. ಸಾವಿರ ಜನರಿಗೆ ಕೇಳಿಸಬೇಕು ಎಂಬ ಹಟ ಆಮೇಲಿನದು.

ಯುರೋಪಿನಲ್ಲೂ ಹೀಗೆಯೇ. ಅಲ್ಲಿ ಚೇಂಬರ್ ಮ್ಯೂಸಿಕ್ ಎನ್ನುವುದು ಕೋಣೆಯಲ್ಲಿ ನುಡಿಸಲೆಂದೇ ಬೆಳೆದ ಸಂಗೀತ. ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ. ನಾಲ್ಕೇ ಜನ. ಹೈಡನ್ ಎಂಬ ಸಂಗೀತ ರಚನಕಾರ ಒಬ್ಬನೇ ಇಂಥ ಮೇಳಕ್ಕೆ 68 ಕೃತಿ ಬರೆದಿದ್ದಾನೆ. ಮುಂದೆ ನಿಂತು ಕೋಲು ಆಡಿಸುವವರು ಯಾರೂ ಇರುವುದಿಲ್ಲ. ಯಾವಾಗ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದೆಲ್ಲ ಕಣ್ಣಿನಲ್ಲಿ, ಉಸಿರಿನಲ್ಲಿ. ನಮ್ಮ ಕಚೇರಿಯಲ್ಲೂ ಅದೇ ಅಲ್ವಾ? ಗಾಯಕಿ ನೆರವಲ್‌ಗೆ ಅಂದರೆ ಬಗೆಬಗೆಯಾಗಿ ಬೆಳೆಸಿ ಹಾಡಲು, ಯಾವ ಸಾಲು ಹಿಡಿಯುತ್ತಾರೆ ಅಂತ ಪಿಟೀಲಿನವರಿಗೆ ಮೊದಲೇ ಗೊತ್ತಿರುವುದಿಲ್ಲ. ಅವರ ಮುಖವನ್ನೇ ನೋಡುತ್ತಿರುತ್ತಾರೆ. ಮೃದಂಗದವರ ಕಣ್ಣು ತಾಳ ಹಾಕುವ ಕೈಯ ಮೇಲೆ. ಸ್ವರ ಹಾಕುವಾಗ ಒಬ್ಬರು ಒಂದು ಲೆಕ್ಕ ಬಿಟ್ಟು ಹಿಡಿದರೆ ಇನ್ನೊಬ್ಬರ ಹುಬ್ಬು ಮೇಲೇರುತ್ತದೆ, ಆಮೇಲೆ ನಗು. ಹಿಂದಿನ ಸಾಲಿನ ಕುರ್ಚಿಯಿಂದ ಇದು ಕಾಣುವುದಿಲ್ಲ. ಚಾಪೆಯಲ್ಲಿ ಕೂತ ಹತ್ತು ವರ್ಷದ ಹುಡುಗನಿಗೂ ಕಾಣುತ್ತದೆ. ರಾಗದ ಹೆಸರು ಗೊತ್ತಿಲ್ಲದವರೂ ಆ ಮಾತುಕತೆಯಲ್ಲಿ ಸೇರಿಕೊಳ್ಳುತ್ತಾರೆ.

ನಮ್ಮೂರಿಗೆ ಇದು ಹೊಸದಲ್ಲ. ತಾಳಮದ್ದಲೆ ಏನು ಮತ್ತೆ? ಭಾಗವತರು, ಮದ್ದಲೆ, ಚೆಂಡೆ, ಎರಡು ಬದಿಗೆ ಪಾತ್ರಗಳ ಮಾತು ಆಡುವ ಅರ್ಥಧಾರಿಗಳು. ಕೂತು ಆಡುವ ಯಕ್ಷಗಾನ ಅದು. ವೇಷ ಇಲ್ಲ, ರಂಗಸ್ಥಳ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲು ರಾತ್ರಿಯಿಡೀ ಕೂತ ಹಿರಿಯರು ಇಲ್ಲೇ ಇದ್ದೀರಿ. ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಚಿಕ್ಕಮೇಳ ಮನೆ ಮನೆಗೆ ಬರುತ್ತದೆ. ದೀಪ ಇಟ್ಟು, ಚಾವಡಿಯಲ್ಲೇ ಎರಡು ವೇಷ ಕುಣಿದು, ಸ್ವಲ್ಪ ಹೊತ್ತಿನಲ್ಲಿ ಮುಂದಿನ ಮನೆಗೆ ಹೋಗುತ್ತದೆ. ಎಡನೀರು ಮಠದಲ್ಲಿ ಕೇಶವಾನಂದ ಭಾರತೀ ಸ್ವಾಮೀಜಿ ತಾವೇ ಹಾಡುತ್ತಿದ್ದರು, ಭಾಗವತಿಕೆಯನ್ನೂ ಮಾಡುತ್ತಿದ್ದರು. ದೇಶಕ್ಕೆಲ್ಲ ಅವರ ಹೆಸರು ಗೊತ್ತಿರುವುದು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದು ಎಂದ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಮಗೆ ಅವರು ಹಾಡಿನ ಸ್ವಾಮೀಜಿಯೂ ಹೌದು. ಇಂಥ ನೆಲದಲ್ಲಿ ಮನೆಯೊಳಗಿನ ಸಂಗೀತ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ಕಚೇರಿ ಮಾಡಿಸಬೇಕೆಂದು ಯಾರಾದರೂ ಕರೆದರೆ ನಾನು ಮೊದಲು ಹೋಗಿ ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟುತ್ತೇನೆ. ಒಂದೇ ಚಪ್ಪಾಳೆ. ಸದ್ದು ಹುಟ್ಟಿ ಮೆತ್ತಗೆ ಆರಿದರೆ ಒಳ್ಳೆಯದು. ‘ಟರ್ರ್’ ಅಂತ ಗೋಡೆಯಿಂದ ಗೋಡೆಗೆ ಓಡಿದರೆ ಕಷ್ಟ. ಹೊಸ ಟೆರೇಸ್ ಮನೆಗಳ ಹಾಲ್‌ನಲ್ಲಿ ಹೆಚ್ಚಾಗಿ ಹೀಗಾಗುತ್ತದೆ. ನುಣುಪು ಗೋಡೆ, ಟೈಲ್ಸ್ ನೆಲ, ಸಮತಟ್ಟು ಕಾಂಕ್ರೀಟ್. ಮೃದಂಗದ ಒಂದು ಪೆಟ್ಟು ಮುಗಿಯುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ಹಳೆಯ ಮನೆಯ ಕಥೆ ಬೇರೆ. ಮುರಕಲ್ಲಿನ ಗೋಡೆ, ಮರದ ಅಟ್ಟ, ಮೇಲೆ ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕಡೆಯ ಮನೆಗಳ ಮಾಡು, ಅಂದರೆ ಛಾವಣಿ, ಬದಲಾಯಿತು. ಅವರು ಸಂಗೀತಕ್ಕೆ ಅಂತ ಮಾಡಿದ್ದಲ್ಲ. ಆದರೂ ಆ ಇಳಿಜಾರು ಮಾಡು, ಹಂಚಿನ ಸಂದು, ಪಕ್ಕಾಸು ರೀಪು ಎಂಬ ಮರದ ಪಟ್ಟಿಗಳ ಏರಿಳಿತ ಸದ್ದನ್ನು ಚದುರಿಸಿ ಹದ ಮಾಡುತ್ತವೆ.

ಟೆರೇಸ್ ಮನೆ ಇದ್ದವರು ಬೇಸರ ಮಾಡಿಕೊಳ್ಳಬೇಡಿ. ಅದಕ್ಕೂ ದಾರಿ ಇದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಏನೂ ಕೇಳುತ್ತಿರಲಿಲ್ಲ. ವಾಲೆಸ್ ಸಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಅದನ್ನು ಸರಿಮಾಡುವ ಕೆಲಸ ಕೊಟ್ಟರು. ಅವರು ಪಕ್ಕದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಆರಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಅಳೆದರು. ಮೆತ್ತೆ ಜಾಸ್ತಿಯಾದಷ್ಟೂ ಸದ್ದು ಬೇಗ ಆರಿತು. ಇವತ್ತಿಗೂ ಸಭಾಂಗಣ ಕಟ್ಟುವವರು ಬಳಸುವ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಸದ್ದು ಹೀರುವ ಶಕ್ತಿಗೆ ಅವರು ಇಟ್ಟುಕೊಂಡ ಅಳತೆ ತೆರೆದ ಕಿಟಕಿ. ಯಾಕೆಂದರೆ ಹೊರಗೆ ಹೋದ ಸದ್ದು ವಾಪಸು ಬರುವುದಿಲ್ಲ.

ಹಾಗಾಗಿ ನಾವು ಮಾಡುವುದು ಇಷ್ಟು. ಗೋಡೆಗೆ ದಪ್ಪ ಬೆಡ್‌ಶೀಟ್ ಇಳಿಬಿಡುತ್ತೇವೆ, ನೆಲಕ್ಕೆ ಜಮಖಾನ ಹಾಸುತ್ತೇವೆ, ಕಿಟಕಿ ತೆಗೆದಿಡುತ್ತೇವೆ. ಅರ್ಧ ಸಮಸ್ಯೆ ಅಲ್ಲಿಗೇ ಹೋಗುತ್ತದೆ. ಉಳಿದರ್ಧ ಜನ ಬಂದು ಕೂತಾಗ ಹೋಗುತ್ತದೆ. ಮನುಷ್ಯರ ಮೈ, ಬಟ್ಟೆ ಸದ್ದನ್ನು ಚೆನ್ನಾಗಿ ಹೀರುತ್ತವೆ. ಅದಕ್ಕೇ ಖಾಲಿ ಕೋಣೆಯಲ್ಲಿ ಕೆಟ್ಟದಾಗಿ ಕೇಳಿದ ಪಿಟೀಲು ಸಂಜೆ ಜನ ಸೇರಿದ ಮೇಲೆ ಹದಕ್ಕೆ ಬರುತ್ತದೆ. ಸಣ್ಣ ಕಚೇರಿಯಲ್ಲಿ ನೀವು ಸುಮ್ನೆ ಕೂತಿದ್ದರೂ ಸಂಗೀತಕ್ಕೆ ಏನೋ ಮಾಡುತ್ತಿದ್ದೀರಿ ಎಂದು ನಾನು ಹೇಳುವುದು ಅಲಂಕಾರಕ್ಕಲ್ಲ, ಲೆಕ್ಕದ ಮಾತೇ.

ಮಳೆ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಟೆರೇಸ್ ಮೇಲೆ ತಗಡಿನ ಶೀಟ್ ಹಾಕಿಸಿದವರ ಮನೆಯ ಮಹಡಿಯಲ್ಲಿ ಜೂನ್‌ನಲ್ಲಿ ಕಚೇರಿ ಇಟ್ಟರೆ ಪಕ್ಕದವರ ಮಾತೂ ಕೇಳಿಸದು. ಮೃದಂಗದವರಿಗಂತೂ ಮಳೆಗಾಲ ಕಷ್ಟಕಾಲ. ಚರ್ಮ ತೇವ ಎಳೆದುಕೊಂಡು ಶ್ರುತಿ ಇಳಿಯುತ್ತದೆ. ಆದರೆ ಅದನ್ನೂ ಜನ ನೋಡಲಿ ಅನ್ನುತ್ತೇನೆ ನಾನು. ಅವರು ಕಚೇರಿಗೆ ಮೊದಲು ರವೆಯನ್ನು ನೀರಿನಲ್ಲಿ ನಾದಿ ಎಡ ಮುಖದ ನಡುವೆ ಮೆತ್ತುತ್ತಾರೆ. ಒಂದು ಪೆಟ್ಟು ಕೊಟ್ಟು ಕೇಳುತ್ತಾರೆ. ಇನ್ನೊಂದು ಚಿಟಿಕೆ ಮೆತ್ತುತ್ತಾರೆ. ಆ ಕಡೆ ಬಲ ಮುಖದ ಅಂಚಿಗೆ ಕಲ್ಲಿನಿಂದ ಕುಟ್ಟಿ ಶ್ರುತಿ ಏರಿಸುತ್ತಾರೆ. ವೇದಿಕೆಯಲ್ಲಿ ಇದು ಪರದೆ ಹಿಂದೆ ಆಗುತ್ತದೆ. ಚಾವಡಿಯಲ್ಲಿ ಮಕ್ಕಳೆಲ್ಲ ಸುತ್ತ ಕೂತು ನೋಡುತ್ತವೆ. ಒಂದು ಮನೆಯಲ್ಲಿ ರವೆ ಕಲಸಿಕೊಟ್ಟದ್ದು ಆ ಮನೆಯ ಪುಟ್ಟ ಹುಡುಗಿ. ಮೃದಂಗ ಒಂದೇ ನುಡಿಯುವ ತನಿ ಆವರ್ತನ ಮುಗಿಯುವವರೆಗೂ ಅವಳ ಕಣ್ಣು ಆ ರವೆಯ ಮೇಲೇ. ಉದುರುತ್ತದೋ ಎಂಬ ಹೆದರಿಕೆ ಅವಳಿಗೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಸ್ವಲ್ಪ ಕಷ್ಟದ ಮಾತು.

ಹಳೆಯ ಚಾವಡಿಯನ್ನು ನಾವು ತುಂಬಾ ಹೊಗಳುತ್ತೇವೆ. ನಾನೂ ಈಗ ತಾನೇ ಹೊಗಳಿದೆ. ಆದರೆ ಆ ಚಾವಡಿಯಲ್ಲಿ ಯಾರು ಕೂರಬಹುದಿತ್ತು? ಕೆಲವರಿಗೆ ಚಾವಡಿ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳ, ಕೆಲವರಿಗೆ ಅಂಗಳದ ಆಚೆ. ಜಾತಿ ನೋಡಿಯೇ ಜಾಗ. ಆ ಗೆರೆ ಈಗ ಕಣ್ಣಿಗೆ ಕಾಣದಿರಬಹುದು. ಕಾಲಿಗೆ ಇನ್ನೂ ಗೊತ್ತಿದೆ. ವಾಟ್ಸಪ್‌ನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಹಾಕಿದರೆ ಬರುವುದು ಮೊದಲೂ ಬರುತ್ತಿದ್ದವರೇ. ತಲೆಮಾರುಗಳಿಂದ ಹೊರಗೆ ನಿಲ್ಲಿಸಿದ ಮನೆಯೊಳಕ್ಕೆ ಒಂದು ಮೆಸೇಜ್ ನೋಡಿ ಯಾರು ಬರುತ್ತಾರೆ? ಮನೆಯ ಕಚೇರಿ ಎಂದರೆ ಹತ್ತಿರದ ಸಂಗೀತ ಹೌದು. ಆದರೆ ನಮ್ಮ ನಮ್ಮವರೊಳಗಿನ ಸಂಗೀತ ಆಗಿಬಿಟ್ಟರೆ ಅದರ ಬದಲು ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಕಟ್ಟಿ ಹಾಡುವುದೇ ಮೇಲು. ಅಲ್ಲಿ ಕೊನೇಪಕ್ಷ ಯಾರು ಬೇಕಾದರೂ ನಿಂತು ಕೇಳಬಹುದು.

ಲಂಡನ್ನಿನಲ್ಲಿ ಥಾಮಸ್ ಬ್ರಿಟನ್ ಅಂತ ಒಬ್ಬ ಇದ್ದಿಲು ವ್ಯಾಪಾರಿ ಇದ್ದ. ಹಗಲು ಮೂಟೆ ಹೊತ್ತು ಬೀದಿಯಲ್ಲಿ ಇದ್ದಿಲು ಮಾರುತ್ತಿದ್ದ. ಕ್ಲರ್ಕನ್‌ವೆಲ್ ಎಂಬಲ್ಲಿ ಅವನ ಇದ್ದಿಲಿನ ಕೊಟ್ಟಿಗೆ. ಅದರ ಮೇಲೆ ಉದ್ದಕ್ಕೆ, ಇಕ್ಕಟ್ಟಾದ, ತಗ್ಗು ಮಾಡಿನ ಕೋಣೆ. ಹೊರಗಿನಿಂದ ಮೆಟ್ಟಿಲು. 1678ರಿಂದ 1714ರಲ್ಲಿ ಅವನು ತೀರಿಹೋಗುವವರೆಗೆ ಗುರುವಾರ ಗುರುವಾರ ಅಲ್ಲಿ ಸಂಗೀತ ನಡೆಯಿತು. ಊರಿನ ಒಳ್ಳೊಳ್ಳೆಯ ಕಲಾವಿದರು ಬಂದು ನುಡಿಸಿದರು. ದೊಡ್ಡ ಮನೆತನದವರು ಆ ಮೆಟ್ಟಿಲು ಹತ್ತಿ ಬಂದು ಕೇಳಿದರು. ನನಗೆ ಈ ಕಥೆ ತುಂಬಾ ಇಷ್ಟ. ಇದ್ದಿಲಿನವನು ಅರಮನೆಗೆ ಹೋಗಲಿಲ್ಲ. ಅರಮನೆಯವರು ಇದ್ದಿಲಿನವನ ಮನೆಗೆ ಬಂದರು.

ನಾವೂ ದಿಕ್ಕು ಬದಲಿಸಬೇಕು. ನಿಮ್ಮ ಮನೆಯ ಚಾವಡಿಗೆ ಕರೆಯಿರಿ, ಬೇಡ ಅನ್ನುವುದಿಲ್ಲ. ಕರೆಯುವುದಾದರೆ ಮದುವೆಗೆ ಕರೆಯುವ ಹಾಗೆ ಮನೆ ಮನೆಗೆ ಹೋಗಿ ಹೇಳಿಕೆ ಮಾಡಿ. ಒಳಗೆ ಕೂರಿಸಿ, ಒಟ್ಟಿಗೆ ಕಾಫಿ ಕುಡಿಯಿರಿ. ಆದರೆ ಮುಂದಿನ ಕಚೇರಿ ಹಿಂದೆ ಹೊರಗೆ ನಿಲ್ಲಿಸಿದವರ ಕಡೆಯ ಅಂಗನವಾಡಿಯಲ್ಲಿ, ಅವರ ಮನೆಯ ಜಗಲಿಯಲ್ಲಿ ಆಗಲಿ. ನೀವು ಅಲ್ಲಿಗೆ ನಡೆದುಕೊಂಡು ಹೋಗಿ. ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಜಾಗ ಬೇಕೆಂದರೆ ಇಂಥ ವಾಚನಾಲಯ ಇದೆಯಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿದಾಗಿನಿಂದ ಬೆಳೆದ ಚಳವಳಿಯಿಂದಾಗಿ ಕೇರಳದ ಹಳ್ಳಿ ಹಳ್ಳಿಯಲ್ಲೂ ಒಂದು ಕೋಣೆ, ನಾಲ್ಕು ಬೆಂಚು, ಒಂದಷ್ಟು ಪುಸ್ತಕ ಇವೆ. ಇದರ ಹೊಸ್ತಿಲು ದಾಟಲು ಯಾರೂ ಅಳುಕುವುದಿಲ್ಲ. ಪುಸ್ತಕದ ಕಪಾಟುಗಳು ಸದ್ದನ್ನೂ ಚೆನ್ನಾಗಿ ಹದ ಮಾಡುತ್ತವೆ, ಬೇಕಾದರೆ ಈಗ ಚಪ್ಪಾಳೆ ತಟ್ಟಿ ನೋಡಿ.

ಒಂದು ಅಂಗನವಾಡಿಯಲ್ಲಿ ಆದದ್ದನ್ನು ಹೇಳುತ್ತೇನೆ. ಪಿಟೀಲಿನವರು ಒಂದು ದಾಸರ ಪದ ನುಡಿಸಿ ಮುಗಿಸಿದ್ದರು. ಬಾಗಿಲ ಬಳಿ ಕೂತಿದ್ದ ಒಬ್ಬರು ವಯಸ್ಸಾದ ಅಮ್ಮ, ನೇಜಿ (ಭತ್ತದ ಸಸಿ) ನೆಡುವಾಗ ನಾವೂ ಹಾಡುತ್ತಿದ್ದೆವು ಎಂದರು. ಹಾಡಿ ಎಂದೆವು. ಸ್ವಲ್ಪ ಒತ್ತಾಯ ಬೇಕಾಯಿತು. ಆಮೇಲೆ ಕಣ್ಣು ಮುಚ್ಚಿ ತುಳುವಿನ ಕಥೆ ಹೇಳುವ ಹಾಡು, ಪಾಡ್ದನ ಎತ್ತಿದರು. ಪಿಟೀಲಿನವರು ಮೆಲ್ಲ ಬಿರಡೆ ತಿರುಗಿಸಿ, ಅವರ ಶ್ರುತಿಗೆ ತಂತಿ ಇಳಿಸಿ, ಬರೀ ಆಧಾರ ಸ್ವರ ಹಿಡಿದು ಕೂತರು. ಅವರ ಹಾಡಿನ ಮೇಲೆ ಏನನ್ನೂ ನುಡಿಸಲಿಲ್ಲ. ವಿದ್ವತ್ತು ಅಂದರೆ ನನ್ನ ಮಟ್ಟಿಗೆ ಅದು. ಕಾರ್ಯಕ್ರಮ ಮುಗಿದ ಮೇಲೆ ಆ ಅಮ್ಮನಿಗೂ ಸಂಭಾವನೆಯ ಕವರ್ ಕೊಟ್ಟೆವು. ಕೊಡಲೇಬೇಕು. ‘ಜನಪದ’ ಅಂದ ಕೂಡಲೇ ಪುಕ್ಕಟೆ ಅಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಹೋಗಬೇಕು.

ಸಪ್ತಭಾಷೆಯ ನಾಡು ನಮ್ಮದು. ಒಂದು ಕೋಣೆಯಲ್ಲಿ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ ಎಲ್ಲ ಇರುತ್ತವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಇಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ನಮ್ಮೆಲ್ಲರ ಎದೆಯಲ್ಲಿದೆ. ಸಣ್ಣ ಕಚೇರಿಯಲ್ಲಿ ಹಾಡುವ ಮೊದಲು ಪದದ ಅರ್ಥ ಹೇಳಬಹುದು. ಮಲಯಾಳಿ ನೆರೆಮನೆಯವರು ಕೇಳಿ, ಇದು ಯಾರು ಬರೆದದ್ದು ಅಂತ ವಿಚಾರಿಸುತ್ತಾರೆ. ನಮ್ಮ ಭಾಷೆಯ ಪದವನ್ನು ಅವರು ಪ್ರೀತಿಯಿಂದ ಕೇಳಿಸಿಕೊಂಡರೆ ಅದಕ್ಕಿಂತ ದೊಡ್ಡ ಬಲ ನಮಗೆ ಬೇಕಾ?

ಇನ್ನೊಂದು ಜಾಗದ ಬಗ್ಗೆ ಹೇಳದಿದ್ದರೆ ನನ್ನ ಮಾತು ಅರ್ಧವೇ ಆದೀತು. ನಮ್ಮ ಪಂಚಾಯತ್‌ಗಳ ಬಡ್ಸ್ ಶಾಲೆಗಳು, ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಶಾಲೆಗಳು. ಎಣ್ಮಕಜೆ, ಪಡ್ರೆ ಎಂದರೆ ನಿಮಗೆ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಅದರ ಪೆಟ್ಟು ತಿಂದ ಮಕ್ಕಳು ಈಗಲೂ ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಇದ್ದಾರೆ. ಅವರು ಯಾವ ಸಭಾಂಗಣಕ್ಕೂ ಬರಲಾರರು. ಅವರ ಅಮ್ಮಂದಿರು ಮಕ್ಕಳನ್ನು ಬಿಟ್ಟು ಎಲ್ಲಿಗೂ ಹೋಗಲಾರರು. ಅಲ್ಲಿಗೆ ಸಂಗೀತ ಹೋಗಬೇಕಾದದ್ದು ಔಷಧಿ ಅಂತ ಅಲ್ಲ. ಅವರೂ ಕೇಳುಗರು ಅಂತ.

ಅಂಥ ಕಡೆ ನುಡಿಸುವ ಕ್ರಮ ಬೇರೆ. ಜೋರು ಸದ್ದಿಗೆ ಬೆಚ್ಚುವ ಮಕ್ಕಳಿರುತ್ತಾರೆ, ಆದ್ದರಿಂದ ಮೃದಂಗ ಮೆತ್ತಗೆ. ಉದ್ದ ಆಲಾಪನೆ ಬೇಡ, ಹತ್ತು ನಿಮಿಷಕ್ಕೊಮ್ಮೆ ಬಿಡುವು. ನಡುವೆ ಮಗು ಕೂಗಿದರೆ ಕೂಗಲಿ, ನಿಲ್ಲಿಸಬೇಡಿ, ‘ಶ್’ ಅನ್ನಲೇಬೇಡಿ. ಶಿಕ್ಷಕಿಯರನ್ನು ಮೊದಲೇ ಕೇಳಿ, ಯಾವ ಹೊತ್ತು ಮಕ್ಕಳಿಗೆ ಒಳ್ಳೆಯದು ಅಂತ. ಒಂದು ಶಾಲೆಯಲ್ಲಿ ಕಣ್ಣು ಕಾಣದ ಹುಡುಗನೊಬ್ಬ ವೀಣೆಯ ಕೊಡದ ಮೇಲೆ ಅಂಗೈ ಇಟ್ಟುಕೊಂಡೇ ಇಡೀ ಕೃತಿ ಕೇಳಿದ. ವೈಣಿಕರು ಮಂದ್ರದ ತಂತಿ ಮೀಟಿದಾಗ ಅವನ ಬೆರಳು ಅಗಲವಾಗುತ್ತಿತ್ತು, ಮೇಲಿನ ಸ್ವರಕ್ಕೆ ಹೋದರೆ ಕೂಡಿಕೊಳ್ಳುತ್ತಿತ್ತು. ಮರದ ನಡುಕ ಅವನಿಗೆ ಕೈಯಲ್ಲೇ ತಿಳಿಯುತ್ತಿತ್ತು. ವೈಣಿಕರು ಅವನಿಗಾಗಿ ಮಂದ್ರದಲ್ಲೇ ಸ್ವಲ್ಪ ಹೊತ್ತು ನಿಂತರು.

ದುಡ್ಡಿನ ಮಾತು. ನಾಚಿಕೆ ಬಿಟ್ಟು ಆಡೋಣ. ಕಲಾವಿದರಿಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನು ಮೊದಲೇ ಹೇಳಿ. ‘ಸಣ್ಣ ಕಾರ್ಯಕ್ರಮ, ಮನೆಯಲ್ಲೇ, ನಮ್ಮವರೇ’ ಅಂತ ಸಂಭಾವನೆ ಕಡಿಮೆ ಮಾಡಬೇಡಿ. ಮೂವತ್ತು ಜನರ ಎದುರು ಹಾಡುವಾಗ ಅಭ್ಯಾಸದಲ್ಲಿ ಏನೂ ರಿಯಾಯಿತಿ ಇಲ್ಲ, ಹತ್ತಿರದಿಂದ ಕೇಳುವವರಿಗೆ ಪ್ರತಿಯೊಂದೂ ಗೊತ್ತಾಗುತ್ತದೆ. ಮೂವತ್ತು ಜನರಲ್ಲಿ ಇಪ್ಪತ್ತು ಜನ ತಲಾ 300 ರೂಪಾಯಿ ಹಾಕಿದರೆ 6,000 ಆಯಿತು. ಉಳಿದ ಹತ್ತು ಜನ ಹಾಕದೆ ಕೂತು ಕೇಳಲಿ, ಯಾರು ಹಾಕಿದರು ಯಾರು ಬಿಟ್ಟರು ಅಂತ ಯಾರಿಗೂ ಗೊತ್ತಾಗದ ಹಾಗೆ ಬಾಗಿಲಲ್ಲಿ ಒಂದು ಡಬ್ಬಿ ಇಡಿ. ಮೈಕ್ ಸೆಟ್, ಶಾಮಿಯಾನ, ಬ್ಯಾನರ್, ಶಾಲು, ಸ್ಮರಣಿಕೆ ಯಾವುದೂ ಬೇಡವಾದ್ದರಿಂದ ಆ ದುಡ್ಡೆಲ್ಲ ಕಲಾವಿದರಿಗೇ ಹೋಗುತ್ತದೆ. ಸಭಾ ಕಾರ್ಯಕ್ರಮವೂ ಬೇಡ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಲ್ಲರೂ ಚಾಪೆಯಲ್ಲೇ ಕೂರಲಿ. ಸಂಜೆ ಐದೂವರೆ ಎಂದರೆ ಐದೂವರೆಗೆ ಶ್ರುತಿ ಹಾಕಬೇಕು, ಏಳೂಕಾಲಕ್ಕೆ ಮುಗಿಯಬೇಕು. ಕೊನೆಯ ಬಸ್ ಹಿಡಿಯಬೇಕಾದವರು ಇರುತ್ತಾರೆ.

ಹೊರಗಿನಿಂದ ದೊಡ್ಡ ಹೆಸರಿನವರನ್ನೇ ಕರೆಸಬೇಕು ಅಂತಿಲ್ಲ. ನಮ್ಮಲ್ಲೇ ಹತ್ತು ವರ್ಷ ಕಲಿತು, ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಹಾಡುವುದು ನಿಲ್ಲಿಸಿದವರು ಊರಿಗೆ ನಾಲ್ಕು ಜನರಾದರೂ ಇದ್ದಾರೆ. ಸಾವಿರ ಜನರ ವೇದಿಕೆ ಅವರಿಗೆ ಸಿಗುವುದಿಲ್ಲ. ನೆರೆಹೊರೆಯ ಮೂವತ್ತು ಜನ ಕೇಳುತ್ತಾರೆ ಎಂದರೆ ತಂಬೂರಿಯ ಧೂಳು ಒರೆಸುತ್ತಾರೆ.

ಹಿಂದೆ ಕೂತವರೊಬ್ಬರು ಕೇಳುತ್ತಿದ್ದಾರೆ, ಶುರುಮಾಡಲು ಏನು ಬೇಕು ಅಂತ. ಒಂದು ಕೋಣೆ, ನಾಲ್ಕು ಚಾಪೆ, ವಯಸ್ಸಾದವರಿಗೆ ಐದಾರು ಕುರ್ಚಿ, ಒಂದು ಹಂಡೆ ಪುನರ್ಪುಳಿ ಶರಬತ್ತು. ಮನೆ ಮನೆಗೆ ಹೋಗಿ ಹೇಳಿಕೆ ಮಾಡಲು ಇಬ್ಬರು. ಮಳೆ ಬಿಡುವ ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದರಂತೆ ಮಾಡಬಹುದು. ಒಂದು ಬಡ್ಸ್ ಶಾಲೆಯಲ್ಲಿ, ಒಂದು ಈ ವಾಚನಾಲಯದಲ್ಲಿ. ಉಳಿದ ಮೂರಕ್ಕೆ ಜಾಗ ಆಗಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಇದೆ. ಮನೆಯ ಹೆಸರು, ಫೋನ್ ನಂಬರ್ ಬರೆಯಿರಿ. ಹಂಚಿನ ಮನೆಯೋ ಟೆರೇಸ್ ಮನೆಯೋ ಅಂತಲೂ ಬರೆಯಿರಿ, ಬೆಡ್‌ಶೀಟ್ ಎಷ್ಟು ತರಬೇಕು ಅಂತ ನಮಗೆ ಗೊತ್ತಾಗಲಿ.